ನಾಡಿಯ ಗೆರೆ ಓದಿದ ವೈದ್ಯ: ಫ್ರೆಡರಿಕ್ ಅಕ್ಬರ್ ಮಹಮದ್

ಕಳೆದ ವರ್ಷದ ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ರಕ್ತಪರಿಚಲನೆಯ ಪಾಠ ಮಾಡುತ್ತಿದ್ದರು. ಹೃದಯದ ಚಾರ್ಟು ಚೆನ್ನಾಗಿತ್ತು, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟಾಗಿತ್ತು. ಹೃದಯ ಕುಗ್ಗಿದಾಗಿನ ಒತ್ತಡ 120, ಹಿಗ್ಗಿದಾಗಿನದು 80 ಎಂದು ಬರೆದು ಅಡಿಗೆರೆ ಎಳೆಯುವಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜಿಗೆ ಬಿ.ಪಿ. ಇದೆಯಂತೆ, ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದಾರಂತೆ. ಆದರೆ ಅಜ್ಜಿಗೆ ತಲೆನೋವಿಲ್ಲ, ಸುಸ್ತಿಲ್ಲ, ಹೊಲದ ಕೆಲಸಕ್ಕೂ ಹೋಗುತ್ತಾಳೆ. ಮೈಯಲ್ಲಿ ಏನೂ ಇಲ್ಲದಿರುವಾಗ ಮಾತ್ರೆ ಯಾಕೆ ಎಂದು ನಿಲ್ಲಿಸಿಬಿಟ್ಟಿದ್ದಾಳೆ. ಏನೂ ಆಗದೆ ಇದ್ದರೆ ಅದು ಕಾಯಿಲೆ ಹೇಗಾಗುತ್ತದೆ ಎಂಬುದು ಹುಡುಗಿಯ ಪ್ರಶ್ನೆ.

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, ಮುಂದಿನ ತರಗತಿಯಲ್ಲಿ ನೋಡೋಣ ಎಂದು ಪಾಠ ಮುಂದುವರಿಸಿದರು. ಅವರನ್ನು ದೂರುತ್ತಿಲ್ಲ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ನಾನು ಅವಲೋಕನ ಪುಸ್ತಕದಲ್ಲಿ ಚಾರ್ಟಿನ ಅಕ್ಷರ ಹಿಂದಿನ ಸಾಲಿಗೆ ಕಾಣುತ್ತಿಲ್ಲ, ಧ್ವನಿಯ ಏರಿಳಿತ ಸಾಲದು ಎಂದು ಎರಡು ಸಾಲು ಬರೆದು ಸಹಿ ಹಾಕಿದೆ. ಹುಡುಗಿಯ ಪ್ರಶ್ನೆಯ ಬಗ್ಗೆ ಏನೂ ಬರೆಯಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ ಅಂಥದೇ ಮಾತ್ರೆಯ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಎರಡು ವರ್ಷದ ಹಿಂದೆ ಕಾಲೇಜಿನ ಆರೋಗ್ಯ ತಪಾಸಣೆಯ ದಿನ ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮುಖ ನೋಡಿ, ಮತ್ತೊಮ್ಮೆ ಗಾಳಿ ತುಂಬಿದ್ದರು. ಅಂದು ಬೆಳಿಗ್ಗೆ ನಾನು ಎರಡೆರಡು ಮೆಟ್ಟಿಲು ಹಾರಿ ಮಹಡಿ ಹತ್ತಿದ್ದವನು. ಡಾಕ್ಟರು ಹೇಳಿದರು, ಮಾತ್ರೆ ನುಂಗಿದೆ. ಆರೋಗ್ಯವಾಗಿರುವ ಮನುಷ್ಯನೊಳಗೆ ಇಂಥದೊಂದು ಇರಬಹುದೆಂದು ಮೊದಲು ಯಾರಿಗೆ ಹೊಳೆಯಿತು, ಹೇಗೆ ಹೊಳೆಯಿತು ಎಂದು ಕೇಳಿಕೊಂಡಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕವರು ಫ್ರೆಡರಿಕ್ ಅಕ್ಬರ್ ಮಹಮದ್. ವೈದ್ಯಶಾಸ್ತ್ರದ ಚರಿತ್ರೆ ಓದುವವರಿಗೆ ಚಿರಪರಿಚಿತ ಹೆಸರು. ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ಬಂದಿಲ್ಲ. ರಕ್ತಪರಿಚಲನೆಯ ಪಾಠ ಮಾಡುವವರಿಗೆ ಉಪಯೋಗವಾದೀತೆಂದು ಅವರ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ವೈದ್ಯರೊಬ್ಬರಿಗೆ ಈ ಹೆಸರು ಹೇಗೆ ಬಂತು ಎಂದು ಮಕ್ಕಳು ಮೊದಲು ಕೇಳುವುದು ಇದನ್ನೇ. ಅವರ ಅಜ್ಜ ಶೇಖ್ ದೀನ್ ಮಹಮದ್ 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದವರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೈನ್ಯದಲ್ಲಿ ದುಡಿದು, ತಮ್ಮ ಮೇಲಧಿಕಾರಿಯ ಜೊತೆ 1784ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣ ಸೇರಿದರು. ಅಲ್ಲಿಯ ಜೇನ್ ಡಾಲಿ ಎಂಬವರನ್ನು ಮದುವೆಯಾದರು. 1794ರಲ್ಲಿ ತಮ್ಮ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದರು. ಭಾರತೀಯರೊಬ್ಬರು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನದ ಅಡುಗೆಯ ಹೋಟೆಲು ತೆರೆದು ಎರಡೇ ವರ್ಷದಲ್ಲಿ ದಿವಾಳಿಯಾದರು. ಆಮೇಲೆ ಸಮುದ್ರತೀರದ ಬ್ರೈಟನ್ನಿಗೆ ಹೋಗಿ ಹಬೆಸ್ನಾನದ ಜೊತೆ ಮೈ ಒತ್ತಿ ತಿಕ್ಕುವ ಕೆಲಸ ಶುರು ಮಾಡಿದರು. ಉತ್ತರದವರು ಚಂಪಿ ಅನ್ನುವುದು ಇದನ್ನೇ. ನಾವು ಇಂದು ತಲೆಗೆ ಹಾಕಿಕೊಳ್ಳುವ ಶಾಂಪೂವಿನ ಹೆಸರು ಬಂದದ್ದೂ ಆ ಮಾತಿನಿಂದಲೇ. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಇಬ್ಬರು ರಾಜರೂ ಅವರಿಂದ ಮೈ ಒತ್ತಿಸಿಕೊಂಡವರು.

ಈ ಅಜ್ಜನ ಕಥೆ ಎಷ್ಟು ರುಚಿಯೆಂದರೆ ತರಗತಿಯಲ್ಲಿ ಅಲ್ಲೇ ನಿಂತುಬಿಡುವ ಅಪಾಯವಿದೆ. ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಮೊಮ್ಮಗ 1849ರ ಏಪ್ರಿಲ್ 11ರಂದು ಬ್ರೈಟನ್ನಿನಲ್ಲಿ ಹುಟ್ಟಿದಾಗ ಅಜ್ಜ ಇನ್ನೂ ಇದ್ದರು. ಎರಡು ವರ್ಷ ತುಂಬುವುದರೊಳಗೆ ತೀರಿಕೊಂಡರು. ತಂದೆ ಅದೇ ಊರಿನಲ್ಲಿ ಕತ್ತಿವರಸೆ, ಮುಷ್ಟಿಯುದ್ಧ, ವ್ಯಾಯಾಮ ಕಲಿಸುವ ಶಾಲೆ ನಡೆಸುತ್ತಿದ್ದರು. ಅಜ್ಜನದೂ ಅಪ್ಪನದೂ ಮೈಯನ್ನು ಕೈಯಿಂದ ತಿಳಿಯುವ ಕಸುಬು. ಮೊಮ್ಮಗನ ಕೈ ಹೋದದ್ದು ಮಣಿಕಟ್ಟಿಗೆ.

ಬ್ರೈಟನ್ನಿನ ಆಸ್ಪತ್ರೆಯಲ್ಲಿ ಎರಡು ವರ್ಷ ಕಲಿತು, 1869ರಲ್ಲಿ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯ ವಿದ್ಯಾರ್ಥಿಯಾದರು. ಆಗ ಅಲ್ಲಿ ಒಂದು ಫ್ರೆಂಚ್ ಉಪಕರಣದ ಬಗ್ಗೆ ಮಾತು ನಡೆಯುತ್ತಿತ್ತು. ಪ್ಯಾರಿಸ್ಸಿನ ಎಟಿಯೆನ್ ಜೂಲ್ ಮಾರೆ ಎಂಬವರು 1860ರಲ್ಲಿ ಮಾಡಿದ ನಾಡಿಲೇಖಕ ಅದು. ಮಣಿಕಟ್ಟಿನ ಧಮನಿಯ ಮೇಲೆ ಒಂದು ಸ್ಪ್ರಿಂಗ್, ಸ್ಪ್ರಿಂಗಿಗೆ ತಾಗಿದ ಉದ್ದನೆಯ ಹಗುರ ಸನ್ನೆಕೋಲು, ಸನ್ನೆಯ ತುದಿಯಲ್ಲಿ ಮೊನೆ. ನಾಡಿ ಬಡಿದಂತೆ ಮೊನೆ ಮೇಲೆ ಕೆಳಗೆ ಆಡುತ್ತದೆ. ದೀಪದ ಮಸಿ ಹಿಡಿಸಿದ ಕಾಗದವೊಂದು ಗಡಿಯಾರದ ಯಂತ್ರದಿಂದ ಅದರ ಮುಂದೆ ಸರಿಯುತ್ತದೆ, ಮಸಿಯಲ್ಲಿ ನಾಡಿಯ ಗೆರೆ ಬಿಳಿಯಾಗಿ ಮೂಡುತ್ತದೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಒಂದು ಡ್ರಾಯಿಂಗ್ ಪಿನ್ನಿನ ಮೊನೆಗೆ ಬೆಂಕಿಕಡ್ಡಿಯನ್ನು ನೆಟ್ಟಗೆ ಚುಚ್ಚಿ, ಪಿನ್ನಿನ ಚಪ್ಪಟೆ ತಲೆಯನ್ನು ಹೆಬ್ಬೆರಳಿನ ಬುಡದ ಕಡೆ ನಾಡಿ ಸಿಗುವ ಜಾಗದಲ್ಲಿಡಿ. ಕೈ ಮೇಜಿನ ಮೇಲೆ ಅಲುಗದೆ ಇರಲಿ. ಕಡ್ಡಿಯ ತುದಿ ನಾಡಿಯ ಲಯಕ್ಕೆ ತಲೆಯಾಡಿಸುತ್ತದೆ. ಸರಿಯಾದ ಜಾಗ ಸಿಗಲು ನಾಲ್ಕೈದು ಸಲ ಪ್ರಯತ್ನ ಬೇಕು, ತೆಳ್ಳಗಿನ ಮಕ್ಕಳ ಕೈಯಲ್ಲಿ ಬೇಗ ಸಿಗುತ್ತದೆ. ಮಾರೆಯವರ ಯಂತ್ರದ ತತ್ತ್ವ ಇಷ್ಟೇ: ಬೆರಳಿಗೆ ಮಾತ್ರ ತಿಳಿಯುವುದನ್ನು ಕಣ್ಣಿಗೆ ಕಾಣಿಸುವುದು.

ಆ ಯಂತ್ರದಲ್ಲಿ ಒಂದು ಕೊರತೆ ಇತ್ತು. ಸ್ಪ್ರಿಂಗನ್ನು ಧಮನಿಯ ಮೇಲೆ ಎಷ್ಟು ಬಲವಾಗಿ ಒತ್ತಿದ್ದೇವೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಮೆಲ್ಲಗೆ ಒತ್ತಿದರೆ ಒಂದು ಗೆರೆ, ಬಿಗಿದು ಒತ್ತಿದರೆ ಇನ್ನೊಂದು. ಹಾಗಾದರೆ ಇಬ್ಬರು ರೋಗಿಗಳ ಗೆರೆಯನ್ನು ಹೋಲಿಸುವುದಾದರೂ ಹೇಗೆ? ವಿದ್ಯಾರ್ಥಿಯಾಗಿದ್ದಾಗಲೇ ಮಹಮದ್ ಯಂತ್ರಕ್ಕೆ ಒತ್ತಡವನ್ನು ಔನ್ಸ್ ಲೆಕ್ಕದಲ್ಲಿ ತೋರಿಸುವ ತಿರುಪನ್ನು ಸೇರಿಸಿದರು. ಬಡಿತದ ಆಕಾರದ ಜೊತೆಗೆ ಧಮನಿ ಎಷ್ಟು ಒತ್ತಡಕ್ಕೆ ಬಗ್ಗುತ್ತದೆ ಎಂಬ ಅಂಕಿಯೂ ಸಿಗತೊಡಗಿತು. ಈ ಕೆಲಸಕ್ಕೆ 1871ರಲ್ಲಿ ಗೈಸ್ ವಿದ್ಯಾರ್ಥಿ ಸಂಘದ ಬಹುಮಾನ ಬಂತು, ಮರುವರ್ಷ ವೈದ್ಯ ಪತ್ರಿಕೆಯೊಂದರಲ್ಲಿ ಲೇಖನಮಾಲೆಯಾಗಿ ಪ್ರಕಟವಾಯಿತು. ಆಗ ಅವರಿಗೆ 23 ವರ್ಷ. ನಮ್ಮ ಅನೇಕ ಪ್ರಶಿಕ್ಷಣಾರ್ಥಿಗಳ ವಯಸ್ಸು.

ಗೆರೆಯನ್ನು ಓದುವ ಕ್ರಮವನ್ನೂ ಅವರು ಸರಳಗೊಳಿಸಿದರು. ನಾಡಿಯ ಗೆರೆ ಒಂದೇ ಗುಡ್ಡವಲ್ಲ. ಮೊದಲು ನೇರ ಏರಿ ಒಂದು ತುದಿ ಮುಟ್ಟುತ್ತದೆ, ಇಳಿಯುವಾಗ ಭುಜದಂತೆ ಒಂದು ಉಬ್ಬು, ಆಮೇಲೆ ಸಣ್ಣ ಕಚ್ಚು, ಕಚ್ಚಿನ ನಂತರ ಮತ್ತೊಂದು ಪುಟ್ಟ ಅಲೆ. ತುದಿಯಿಂದ ಕಚ್ಚಿನ ತಳಕ್ಕೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆಯಿರಿ. ಆರೋಗ್ಯವಂತನ ನಾಡಿಯಲ್ಲಿ ಆ ಗೆರೆಯ ಮೇಲಕ್ಕೆ ಯಾವ ಭಾಗವೂ ಏಳಬಾರದು. ಭುಜದ ಉಬ್ಬು ಗೆರೆಯನ್ನು ದಾಟಿ ಮೇಲೆ ನಿಂತಿದ್ದರೆ ಧಮನಿಯೊಳಗಿನ ಬಿಗಿತ ಹೆಚ್ಚಿದೆ ಎಂದರ್ಥ. ಎಷ್ಟು ಮೇಲೆ ಎದ್ದಿದೆಯೋ, ಎಷ್ಟು ಉದ್ದ ನಿಂತಿದೆಯೋ ಅಷ್ಟು ಬಿಗಿತ. ಒಂದು ಅಡ್ಡಪಟ್ಟಿ, ಒಂದು ಪೆನ್ಸಿಲ್. ಈ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆಯಬಹುದು.

ಮುಂದಿನ ಸಂಗತಿಗೆ ಬರುವ ಮೊದಲು ಗೈಸ್ ಆಸ್ಪತ್ರೆಯ ಹಳೆಯ ಮಾತೊಂದನ್ನು ತಿಳಿದಿರಬೇಕು. 1827ರಲ್ಲಿ ಅಲ್ಲಿಯ ರಿಚರ್ಡ್ ಬ್ರೈಟ್ ಮೂರು ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದರು: ಮೈ ಊದಿಕೊಳ್ಳುವುದು, ಮೂತ್ರವನ್ನು ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದು, ಸತ್ತ ಮೇಲೆ ನೋಡಿದಾಗ ಮೂತ್ರಪಿಂಡ ಕೆಟ್ಟಿರುವುದು. ಇದಕ್ಕೆ ಬ್ರೈಟರ ರೋಗ ಎಂದೇ ಹೆಸರಾಯಿತು. ಇಂಥ ಅನೇಕರ ಹೃದಯವೂ ದೊಡ್ಡದಾಗಿರುವುದನ್ನು ಬ್ರೈಟ್ ಗಮನಿಸಿದ್ದರು. ಮೂತ್ರಪಿಂಡ ಕೆಟ್ಟು ರಕ್ತ ಮಲಿನವಾಗುತ್ತದೆ, ಆ ರಕ್ತವನ್ನು ತಳ್ಳಲು ಹೃದಯ ಹೆಣಗುತ್ತದೆ ಎಂಬುದು ಆ ಕಾಲದ ವಿವರಣೆ. ಅಂದರೆ ಮೂತ್ರಪಿಂಡ ಮೊದಲು, ಉಳಿದದ್ದು ಆಮೇಲೆ. 1870ರ ಸುಮಾರಿಗೆ ಇದರ ಮೇಲೆ ದೊಡ್ಡ ಜಗಳವೇ ನಡೆದಿತ್ತು. ಜಾರ್ಜ್ ಜಾನ್ಸನ್ ಎಂಬವರು ಸಣ್ಣ ಧಮನಿಗಳ ಸ್ನಾಯು ದಪ್ಪವಾಗಿದೆ ಎಂದರೆ, ವಿಲಿಯಂ ಗಲ್ ಮತ್ತು ಹೆನ್ರಿ ಸಟನ್ 1872ರಲ್ಲಿ ಅದು ಸ್ನಾಯುವಲ್ಲ, ದೇಹದೆಲ್ಲೆಡೆಯ ಧಮನಿಗಳಲ್ಲಿ ಸೇರಿಕೊಂಡ ನಾರು ಎಂದರು. ಎಲ್ಲರೂ ವಾದಿಸುತ್ತಿದ್ದದ್ದು ಶವದಿಂದ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ ತುಣುಕುಗಳನ್ನು ನೋಡಿ. ಅಂದರೆ ಕಥೆಯ ಕೊನೆಯ ಪುಟವನ್ನು ಓದಿ ಮೊದಲ ಪುಟ ಏನಿದ್ದೀತೆಂದು ಊಹಿಸುತ್ತಿದ್ದರು.

ಮೊದಲ ಪುಟ ಓದುವ ಅವಕಾಶ ಮಹಮದ್ ಅವರಿಗೆ ಸಿಕ್ಕಿದ್ದು ಲಂಡನ್ ಫೀವರ್ ಹಾಸ್ಪಿಟಲ್‌ನಲ್ಲಿ. ವೈದ್ಯರಾಗಿ ಹೊರಬಂದ ಮೇಲೆ ಅಲ್ಲಿ ನಿವಾಸಿ ವೈದ್ಯರಾಗಿ ಸೇರಿದರು. ಸ್ಕಾರ್ಲೆಟ್ ಜ್ವರ ಬಂದ ಮಕ್ಕಳು ಅಲ್ಲಿ ತುಂಬಿರುತ್ತಿದ್ದರು. ಈ ಜ್ವರದ ಒಂದು ಕೆಟ್ಟ ಗುಣವೆಂದರೆ ಗಂಟಲು ನೋವು, ಮೈಮೇಲಿನ ಕೆಂಪು ಎಲ್ಲ ಹೋಗಿ ಮಗು ಚೇತರಿಸಿಕೊಳ್ಳುತ್ತಿದೆ ಎನ್ನುವಾಗ, ಎರಡು ಮೂರು ವಾರದ ಮೇಲೆ, ಕೆಲವರಲ್ಲಿ ಮೂತ್ರಪಿಂಡ ಕೆಡುತ್ತದೆ. ಅಂದರೆ ಮೂತ್ರಪಿಂಡದ ರೋಗ ಎಂದು ಬರಬಹುದು, ಯಾರಿಗೆ ಬರಬಹುದು ಎಂದು ಮುಂಚೆಯೇ ಕಾದು ಕುಳಿತು ನೋಡಬಹುದಾದ ಜಾಗ ಅದು. ಮಹಮದ್ ಮಾಡಿದ್ದೂ ಅದನ್ನೇ. ದಿನವೂ ನಾಡಿಯ ಗೆರೆ ತೆಗೆದರು, ದಿನವೂ ಮೂತ್ರ ಪರೀಕ್ಷಿಸಿದರು. ಗ್ವಾಯಕಂ ಎಂಬ ಮರದ ಅಂಟಿನಿಂದ ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತದ ಅಂಶವಿದ್ದರೂ ನೀಲಿ ಬಣ್ಣ ಬರುವ ಪರೀಕ್ಷೆಯನ್ನೂ ಬಳಸಿದರು.

ಅವರಿಗೆ ಕಂಡದ್ದು: ಮೂತ್ರ ಹೆಪ್ಪುಗಟ್ಟುವ ಮೊದಲೇ ನಾಡಿಯ ಗೆರೆ ಬದಲಾಗುತ್ತದೆ. ಭುಜದ ಉಬ್ಬು ಏಳುತ್ತದೆ, ಧಮನಿ ಬಗ್ಗಲು ಹೆಚ್ಚು ಔನ್ಸ್ ಬೇಕಾಗುತ್ತದೆ. ಆ ಹಂತದಲ್ಲೇ ಭೇದಿ ಔಷಧ ಕೊಟ್ಟರೆ ಕೆಲವರಲ್ಲಿ ಬಿಗಿತ ಇಳಿದು ಮೂತ್ರ ಕೆಡದೆಯೇ ಉಳಿಯುತ್ತಿತ್ತು. 1874ರಲ್ಲಿ, 25ರ ವಯಸ್ಸಿನಲ್ಲಿ, ಇದನ್ನು ಲಂಡನ್ನಿನ ವೈದ್ಯರ ಸಂಘದ ಮುಂದಿಟ್ಟರು. ಗರ್ಭಿಣಿಯರಲ್ಲಿ, ಸಂಧಿವಾತದವರಲ್ಲಿ, ಸೀಸದ ವಿಷ ಏರಿದವರಲ್ಲಿ ಕೂಡ ಇಂಥ ಬಿಗಿತ ಕಂಡಿದ್ದನ್ನು ಸೇರಿಸಿದರು.

ಬೋಧನಾಶಾಸ್ತ್ರದವನಾಗಿ ನನಗೆ ಇಲ್ಲಿ ಎರಡು ನಿಮಿಷ ನಿಲ್ಲಬೇಕೆನಿಸುತ್ತದೆ. ಸುಲಭವಾಗಿ ಕಾಣುವ ಚಿಹ್ನೆಯನ್ನೇ ನಾವು ಮೊದಲ ಚಿಹ್ನೆ ಎಂದುಕೊಳ್ಳುತ್ತೇವೆ. ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದ ಬತ್ತಿಯ ಮೇಲೆ ಹಿಡಿದರೆ ಸಾಕು, ಬಿಳಿ ಕಾಣುತ್ತದೆ. ಅದಕ್ಕೇ ವೈದ್ಯರೆಲ್ಲ ರೋಗ ಅಲ್ಲಿಂದ ಶುರು ಎಂದು ನಂಬಿದ್ದರು. ಪರೀಕ್ಷೆಯಲ್ಲಿ ಮಗು ನಪಾಸಾದ ದಿನದಿಂದ ಅದರ ಕಲಿಕೆಯ ತೊಂದರೆ ಶುರುವಾಯಿತು ಎಂದು ದಾಖಲಿಸುವ ನಮ್ಮ ರೂಢಿಗೂ ಇದಕ್ಕೂ ಬಹಳ ದೂರವಿಲ್ಲ.

1875ರಲ್ಲಿ ಸೇಂಟ್ ಮೇರಿ ಆಸ್ಪತ್ರೆ, 1877ರಲ್ಲಿ ಮತ್ತೆ ಗೈಸ್. ಅಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಹುದ್ದೆ. ಬಹಳ ಜನರಿಗೆ ಗುಮಾಸ್ತಿಕೆಯಂತೆ ಕಾಣುವ ಕೆಲಸ. ಮಹಮದ್ ಅವರಿಗೆ ಅದೇ ಗಣಿ. ಬದುಕಿದ್ದಾಗಿನ ನಾಡಿ, ಮೂತ್ರ ಮತ್ತು ಸತ್ತ ಮೇಲಿನ ಹೃದಯ, ಮೂತ್ರಪಿಂಡಗಳನ್ನು ಜೋಡಿಸಿ ನೋಡುವ ಅವಕಾಶ ಸಿಕ್ಕಿತು. 1879 ಮತ್ತು 1881ರಲ್ಲಿ ಗೈಸ್ ಆಸ್ಪತ್ರೆಯ ವರದಿಗಳಲ್ಲಿ ಬಂದ ಅವರ ಲೇಖನಗಳಲ್ಲಿ ಹುಡುಗಿಯ ಪ್ರಶ್ನೆಗೆ ಉತ್ತರವಿದೆ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ನಾಡಿಯ ಬಿಗಿತ ಹೆಚ್ಚಿರುವ ಒಂದು ಬಗೆಯ ಜನರಿದ್ದಾರೆ. ಅವರು ಆಸ್ಪತ್ರೆಗೆ ಬರುವವರಲ್ಲ. ಉಂಡು ತಿಂದು ಕೆಲಸ ಮಾಡಿಕೊಂಡು ಓಡಾಡುತ್ತಿರುತ್ತಾರೆ, ತಮಗೆ ಕಾಯಿಲೆಯಿದೆ ಎಂದು ಅವರಿಗೆ ಅನಿಸುವುದೇ ಇಲ್ಲ. ಕೈ ಹಿಡಿದು ನೋಡಿದರೆ ಧಮನಿ ಚರ್ಮದಡಿ ಹುರಿಯಂತೆ ಉರುಳುತ್ತದೆ. ಮೂತ್ರದಲ್ಲಿ ಏನೂ ಇಲ್ಲ. ಕೆಲವರಲ್ಲಿ ಎಳೆಯ ವಯಸ್ಸಿಗೇ ಇದು ಇರಬಹುದು, ಮನೆತನದಲ್ಲಿ ಇಳಿದು ಬರಬಹುದು. ವರ್ಷಗಳು ಕಳೆದಂತೆ ಈ ಬಿಗಿತವನ್ನು ಎದುರಿಸಿ ತಳ್ಳುತ್ತಾ ಹೃದಯ ದಪ್ಪವಾಗುತ್ತದೆ, ಧಮನಿಗಳು ಗಡುಸಾಗುತ್ತವೆ. ಆಮೇಲೆ ಒಬ್ಬರಿಗೆ ಮೂಗಿನಲ್ಲಿ ರಕ್ತ, ಒಬ್ಬರಿಗೆ ಏದುಸಿರು, ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪಾರ್ಶ್ವವಾಯು. ಮೂತ್ರಪಿಂಡ ಕೆಡುವುದೂ ಆ ಪಟ್ಟಿಯಲ್ಲಿ ಒಂದು, ಅದೂ ಎಲ್ಲರಲ್ಲಲ್ಲ. ಮೂತ್ರಪಿಂಡ ಕೆಡುವ ಮೊದಲೇ ಇವರಲ್ಲಿ ಅನೇಕರು ಹೃದಯದಿಂದಲೋ ಮೆದುಳಿನಿಂದಲೋ ಸಾಯುತ್ತಾರೆ.

ಅಂದರೆ ಒತ್ತಡ ಫಲವಲ್ಲ, ಬೀಜ. ಈ ಬಗೆಯ ರಕ್ತದೊತ್ತಡವನ್ನು ವೈದ್ಯರು ಇಂದಿಗೂ ಬೇರೆ ರೋಗದಿಂದ ಹುಟ್ಟದ, ತಾನೇ ಮೂಲವಾದ ಒತ್ತಡ ಎಂದು ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಅಧಿಕ ರಕ್ತದೊತ್ತಡವಿರುವವರಲ್ಲಿ ಹೆಚ್ಚಿನವರದು ಇದೇ ಬಗೆ. ನನ್ನದೂ ಅದೇ, ಆ ಅಜ್ಜಿಯದೂ ಬಹುಶಃ ಅದೇ.

ಇಲ್ಲಿ ಮಹಮದ್ ಒಂದು ತಪ್ಪು ಮಾಡಿದರು ಎಂಬುದು ನನ್ನ ಅಭಿಪ್ರಾಯ. ಹೊಸ ಸಂಗತಿಯನ್ನು ಕಂಡರು, ಹೊಸ ಹೆಸರು ಇಡಲಿಲ್ಲ. ಮೂತ್ರಪಿಂಡಕ್ಕೆ ಸಂಬಂಧವಿಲ್ಲದೆಯೂ ಇರಬಹುದಾದ ಈ ಸ್ಥಿತಿಯನ್ನು ಕೊನೆಯವರೆಗೂ ಬ್ರೈಟರ ರೋಗ ಎಂದೇ ಕರೆದರು. ಬ್ರೈಟ್ ತಮ್ಮ ಆಸ್ಪತ್ರೆಯ ಹಿರಿಯರು, ಗೈಸ್‌ನ ಹೆಮ್ಮೆ. ಆ ಹೆಸರನ್ನು ಬಿಡಲು ಮನಸ್ಸು ಬಂದಿರಲಿಕ್ಕಿಲ್ಲ. ಲೇಖನದ ತಲೆಬರಹ ನೋಡಿದವರು ಇದು ಮೂತ್ರಪಿಂಡದ ವಿಷಯ ಎಂದುಕೊಂಡು ಪುಟ ತಿರುವಿದರೆ ಅವರನ್ನು ದೂರುವಂತಿಲ್ಲ. ಹೊಸ ಪರಿಕಲ್ಪನೆಯನ್ನು ಹಳೆಯ ಪದದಲ್ಲಿ ಕಲಿಸಿದರೆ ಕೇಳುವವರು ಹಳೆಯದನ್ನೇ ಕೇಳಿಸಿಕೊಳ್ಳುತ್ತಾರೆ. ಇದನ್ನು ಅಭ್ಯಾಸ ಪಾಠಗಳಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಇಷ್ಟರ ನಡುವೆ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೂ ಸೇರಿಕೊಂಡಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ಹುದ್ದೆಗೆ ಏರಬೇಕಾದರೆ ಅಂಥ ಪದವಿ ಬೇಕಿತ್ತು. ಲಂಡನ್ನಿನಲ್ಲಿ ಕೆಲಸ, ಕೇಂಬ್ರಿಜ್‌ನಲ್ಲಿ ಹಾಜರಿ. ರೈಲಿನಲ್ಲಿ ಹೋಗಿ ಬಂದು ಅವಧಿ ತುಂಬಿಸಿ 1881ರಲ್ಲಿ ಪದವಿ ಪಡೆದರು. ಅದೇ ವರ್ಷ ಗೈಸ್‌ನಲ್ಲಿ ಸಹಾಯಕ ವೈದ್ಯರಾದರು. ಕೆಲಸದಲ್ಲಿದ್ದುಕೊಂಡೇ ಬಿ.ಎಡ್. ಮಾಡುತ್ತಿರುವ ನಮ್ಮವರಿಗೆ ಈ ಭಾಗವನ್ನು ವಿವರಿಸಬೇಕಿಲ್ಲ.

ಅವರ ಇನ್ನೊಂದು ಕೆಲಸ ನನಗೆ ನಾಡಿಲೇಖಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಗ ಕ್ಷಯರೋಗ ಬರುವವರಿಗೆ ಒಂದು ಬಗೆಯ ಮುಖವಿರುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಬೇರೂರಿತ್ತು: ಉದ್ದ ಮುಖ, ನಾಜೂಕು ಚರ್ಮ, ಹೊಳೆಯುವ ಕಣ್ಣು. ಮಹಮದ್ ಮತ್ತು ಫ್ರಾನ್ಸಿಸ್ ಗಾಲ್ಟನ್ ಸೇರಿ 442 ಕ್ಷಯರೋಗಿಗಳ ಫೋಟೊ ತೆಗೆಸಿ, ಅವನ್ನು ಒಂದರ ಮೇಲೊಂದು ಮೂಡಿಸಿ ಕೂಡುಮುಖಗಳನ್ನು ಮಾಡಿದರು. ಬೇರೆ ರೋಗಿಗಳ ಮುಖಗಳೊಂದಿಗೆ ಹೋಲಿಸಿದರು. 1882ರಲ್ಲಿ ಪ್ರಕಟವಾದ ಫಲಿತಾಂಶ: ಕ್ಷಯರೋಗಿಯ ಮುಖ ಎಂಬುದೊಂದು ಇಲ್ಲ. ಮರುವರ್ಷವೇ ಗಾಲ್ಟನ್ ಮನುಷ್ಯರ ತಳಿ ಸುಧಾರಣೆಯ ವಿಚಾರಕ್ಕೆ ಹೆಸರಿಟ್ಟು ಹೊರಟರು. ಮುಂದೆ ಅದು ಎಷ್ಟು ಅನಾಹುತಕ್ಕೆ ದಾರಿಯಾಯಿತೆಂದು ಗೊತ್ತೇ ಇದೆ. ಪಾಟ್ನಾದ ಸಿಪಾಯಿ ಮತ್ತು ಐರ್ಲೆಂಡಿನ ಹೆಣ್ಣುಮಗಳ ಮೊಮ್ಮಗ ಅದೇ ಗಾಲ್ಟನ್ನರ ಪಕ್ಕ ನಿಂತು, ಮುಖ ನೋಡಿ ರೋಗ ಹೇಳಲಾಗದು ಎಂದು ಎಣಿಸಿ ತೋರಿಸಿದ್ದನ್ನು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಒಂದು ಆಸ್ಪತ್ರೆಯ ರೋಗಿಗಳನ್ನು ಮಾತ್ರ ನೋಡಿದರೆ ಆರೋಗ್ಯವಂತರಾಗಿ ಓಡಾಡುವ ರೋಗಿಗಳು ಕಣ್ಣಿಗೆ ಬೀಳುವುದಿಲ್ಲ ಎಂದು ಅವರಿಗೆ ಮನವರಿಕೆಯಾಗಿತ್ತು. ಊರೂರಿನ ಸಾಮಾನ್ಯ ವೈದ್ಯರು ಕಂಡದ್ದನ್ನು ಒಟ್ಟುಗೂಡಿಸಬೇಕು. ಬ್ರಿಟಿಷ್ ವೈದ್ಯಕೀಯ ಸಂಘದ ಮೂಲಕ ಸಾಮೂಹಿಕ ತನಿಖೆಯ ಸಮಿತಿಯೊಂದನ್ನು ಕಟ್ಟಲು ಓಡಾಡಿದರು. ಕೇಂಬ್ರಿಜ್‌ನ ಪ್ರಾಧ್ಯಾಪಕ ಹಂಫ್ರಿ ಅದರ ಅಧ್ಯಕ್ಷರು, ಮಹಮದ್ ಕಾರ್ಯದರ್ಶಿ. ಒಂದೇ ಬಗೆಯ ಪ್ರಶ್ನೆಗಳಿರುವ ಕಾರ್ಡುಗಳನ್ನು ಅಚ್ಚು ಹಾಕಿಸಿ ದೇಶದ ವೈದ್ಯರಿಗೆ ಕಳುಹಿಸಲಾಯಿತು. ನ್ಯುಮೋನಿಯಾ, ಕ್ಷಯದ ಅಂಟುವಿಕೆ, ಕೀಲುಜ್ವರ, ಗಂಟಲಮಾರಿ. 1883ರಲ್ಲಿ ಮೊದಲ ಸಂಪುಟ ಬಂತು. ಆ ಸಮಿತಿಗಾಗಿ ಸಿದ್ಧವಾದ, ಗಾಲ್ಟನ್ ಸಂಪಾದಿಸಿದ ಜೀವನಚರಿತ್ರೆಯ ಆಲ್ಬಮ್ ಒಂದು 1884ರಲ್ಲಿ ಹೊರಬಂತು. ಮಗು ಹುಟ್ಟಿದಂದಿನಿಂದ ತೂಕ, ಎತ್ತರ, ಕಾಯಿಲೆಗಳನ್ನು ತಂದೆತಾಯಿ ಬರೆದಿಡುವ ಪುಸ್ತಕ. ನಾವು ಭರ್ತಿ ಮಾಡುವ ವಿದ್ಯಾರ್ಥಿಯ ಸಂಚಿತ ದಾಖಲೆಯ ದೂರದ ಬಂಧು ಎನ್ನಬಹುದು, ನಾವು ಅದನ್ನು ಮಾರ್ಚ್ ತಿಂಗಳಲ್ಲಿ ಒಂದೇ ಕೂತಿನಲ್ಲಿ ತುಂಬಿಸುತ್ತೇವೆ ಎಂಬುದು ಬೇರೆ ಮಾತು.

1883ರಲ್ಲಿ ಅವರ ಸಲಹೆಯಂತೆ ಗೈಸ್‌ನ ಶಸ್ತ್ರವೈದ್ಯ ಚಾರ್ಟರ್ಸ್ ಸೈಮಂಡ್ಸ್ ರೋಗಿಯೊಬ್ಬರ ಅಪೆಂಡಿಕ್ಸ್ ಒಳಗೆ ಸಿಕ್ಕಿಕೊಂಡಿದ್ದ ಗಟ್ಟಿ ಉಂಡೆಯನ್ನು ಹೊರತೆಗೆದರು. ಅಂಥ ರೋಗಿಯನ್ನು ಕೊಯ್ಯುವುದಕ್ಕೇ ವೈದ್ಯರು ಹಿಂಜರಿಯುತ್ತಿದ್ದ ಕಾಲವದು.

1884ರ ನವೆಂಬರ್ 22ರಂದು ಮಹಮದ್ ಟೈಫಾಯ್ಡ್‌ನಿಂದ ತೀರಿಕೊಂಡರು. 35 ವರ್ಷ. ಪತ್ನಿ, ಚಿಕ್ಕ ಮಕ್ಕಳು ಹಿಂದೆ ಉಳಿದರು. ಜರ್ಮನಿಯ ಗಾಫ್ಕಿ ಟೈಫಾಯ್ಡ್ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು ಅದೇ ವರ್ಷ. ಔಷಧ ಬರಲು ಇನ್ನೂ 60 ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಸಾಮೂಹಿಕ ತನಿಖೆ ಕೆಲವು ವರ್ಷ ಕುಂಟುತ್ತಾ ನಡೆದು ನಿಂತಿತು.

ಆಮೇಲೆ ನಡೆದದ್ದು ಬೇಗ ಹೇಳಿ ಮುಗಿಸಬಹುದು. ಫ್ರಾನ್ಸಿನ ಹುಶಾರ್, ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಇದೇ ಸ್ಥಿತಿಯನ್ನು ವಿವರಿಸಿದರು. ಆಲ್ಬಟ್ ಹೊಸ ಹೆಸರನ್ನೇ ಇಟ್ಟರು. ಜನರಿಗೆ ನೆನಪಿನಲ್ಲಿ ಉಳಿದವರು ಅವರೇ. 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಕಟ್ಟುವ ಗಾಳಿಪಟ್ಟಿಯನ್ನು, 1905ರಲ್ಲಿ ರಷ್ಯಾದ ಕೊರೊಟ್ಕೊವ್ ಅದರ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಕ್ರಮವನ್ನು ತಂದರು. ಪಾದರಸದ ಅಂಕಿ ಸಿಕ್ಕ ಮೇಲೆ ಮಸಿ ಕಾಗದದ ಗೆರೆ ಯಾರಿಗೆ ಬೇಕು? ನಾಡಿಲೇಖಕಗಳು ಅಟ್ಟ ಸೇರಿದವು. 1925ರಲ್ಲಿ ಅಮೆರಿಕದ ಜೀವವಿಮೆಯ ಲೆಕ್ಕಿಗರು ಪಾಲಿಸಿದಾರರ ಅಂಕಿ ನೋಡಿ, ಒತ್ತಡ ಹೆಚ್ಚಿದ್ದವರು ಬೇಗ ಸಾಯುತ್ತಾರೆ ಎಂದು ತೋರಿಸಿದರು. ತಮಗೇನೂ ಇಲ್ಲ ಎಂದುಕೊಂಡು ವಿಮೆ ಮಾಡಿಸಲು ಬಂದಿದ್ದವರ ಅಂಕಿಗಳು ಅವು. 1992ರಲ್ಲಿ ಆಸ್ಟ್ರೇಲಿಯಾದ ಹೃದ್ರೋಗ ತಜ್ಞ ಮೈಕೆಲ್ ಓರೂರ್ಕ್ ಮಹಮದ್ ಅವರ ಬಗ್ಗೆ ಲೇಖನ ಬರೆದರು. ನಾಡಿಯ ಅಲೆಯ ಆಕಾರವನ್ನು ಈಗ ಕಂಪ್ಯೂಟರಿನಲ್ಲಿ ಓದುವ ತಂತ್ರದಲ್ಲಿ ಕೆಲಸ ಮಾಡಿದವರು ಅವರು; ಭುಜದ ಆ ಉಬ್ಬು ಏನನ್ನು ಹೇಳುತ್ತದೆ ಎಂದು ಹುಡುಕುವಾಗ ನೂರು ವರ್ಷ ಹಿಂದಿನ ಅಡ್ಡಪಟ್ಟಿಯ ಗೆರೆಗೆ ಬಂದು ಮುಟ್ಟಿದ್ದರು.

ಇಷ್ಟನ್ನೂ ಆ ಪ್ರಶಿಕ್ಷಣಾರ್ಥಿಗೆ ಹೇಳಿದೆ, ಸಿಬ್ಬಂದಿ ಕೊಠಡಿಯಲ್ಲಿ, ಎರಡು ಮಧ್ಯಾಹ್ನ. ಅವಲೋಕನ ಪುಸ್ತಕದಲ್ಲಿ ಪ್ರಶ್ನೆಯನ್ನು ಬರೆಯದೆ ಬಿಟ್ಟಿದ್ದು ನನ್ನ ತಪ್ಪೆಂದೂ ಹೇಳಿದೆ. ಮುಂದಿನ ವಾರ ಅವರು ಪಾಠವನ್ನು ಮತ್ತೆ ಎತ್ತಿಕೊಂಡರು. ಪಿನ್ನು ಮತ್ತು ಬೆಂಕಿಕಡ್ಡಿಯಿಂದ ಪೀಠಿಕೆ. ಮೂರನೆಯ ಸಾಲಿನ ಹುಡುಗಿಯ ಕೈಯ ಮೇಲೆಯೇ ಕಡ್ಡಿ ಎಲ್ಲಕ್ಕಿಂತ ಚೆನ್ನಾಗಿ ಆಡಿತು, ತರಗತಿಯೆಲ್ಲ ಬೆಂಚು ಬಿಟ್ಟು ಸುತ್ತ ನೆರೆಯಿತು, ಶಿಸ್ತಿನ ಅಂಕ ಕಳೆಯಬೇಕೆಂದು ಜೊತೆಯ ಅವಲೋಕಕರು ನನ್ನ ಕಡೆ ನೋಡಿದರು. ಕಪ್ಪುಹಲಗೆಯ ಮೇಲೆ ಎರಡು ಗೆರೆ, ಅಡ್ಡಪಟ್ಟಿ. ಸ್ಕಾರ್ಲೆಟ್ ಜ್ವರದ ಮಕ್ಕಳವರೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಮರುದಿನ ಬದಲಿ ಅವಧಿಯಲ್ಲಿ ಹೇಳಿದರು.

ಕೊನೆಯ ದಿನ ಶಾಲೆಯ ಜಗಲಿಯಲ್ಲಿ ಆ ಹುಡುಗಿ ಸಿಕ್ಕಳು. ಅಜ್ಜಿ ಮಾತ್ರೆ ಮತ್ತೆ ಶುರು ಮಾಡಿದರೇ ಎಂದು ಕೇಳಿದೆ. ಕಥೆಯನ್ನು ಪೂರ್ತಿ ಹೇಳಿದಳಂತೆ, ಅಜ್ಜಿ ಕೈ ಚಾಚಿ ಕಡ್ಡಿಯನ್ನೂ ಇಡಿಸಿಕೊಂಡರಂತೆ. ಮಾತ್ರೆ ಮಾತ್ರ ದೀಪಾವಳಿ ಕಳೆದ ಮೇಲೆ ನೋಡೋಣ ಎಂದಿದ್ದಾರಂತೆ.